ಕೇಳದೆ ಪಕ್ಕದಲ್ಲಿ

ಆಗಸ್ಟ್ 26

ಮಗಳೇ,

ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು, ನಿಮ್ದು?’ ಎಂದ ಮೇಲೆ ಒಬ್ಬರ ಉಸಿರನ್ನು ಒಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ ಬರೆಯೋಣ ಅಂದುಕೊಂಡೆ. ನಾನು ಓದಿದ್ದು ಏಳನೇ ತರಗತಿಯವರೆಗೆ. ಆದರೆ ದಿನಚರಿ ಬರೆದು ರೂಢಿಯಿರುವುದರಿಂದ ಕೈ ಓಡುತ್ತದೆ. ಬಾಯಿಗಿಂತ ಅದೇ ವಾಸಿ.

ಮೇಲಿನ ಮನೆಯ ಕಾಂಪೌಂಡರ್ ಮೆಟ್ಟಿಲಲ್ಲಿ ಸಿಕ್ಕಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಕಟ್ಟಡದಲ್ಲಿ ಯಾರು ಬಂದರು, ಯಾರು ಹೋದರು ಎಂದು ನೋಡುವುದೇ ಕೆಲಸ.

“ಸೊಸೆ ಪೆಟ್ಟಿಗೆ ತಗೊಂಡು ಎಲ್ಲಿಗೆ ಹೋದ್ಲು ಅಕ್ಕಾ?”

“ಓದೋಕೆ. ಶಾಲೆಗಳಲ್ಲಿ ಮನಶ್ಶಾಸ್ತ್ರಜ್ಞೆ ಅಂತ ಇರ್ತಾರಲ್ಲ, ಅದಕ್ಕೆ.”

“ಅಂದ್ರೆ ಹುಚ್ಚು ಬಿಡಿಸೋ ಡಾಕ್ಟರಾ?”

“ಅಲ್ಲ. ಮಕ್ಕಳಿಗೆ ಪಾಠ ಯಾಕೆ ಹತ್ತಲ್ಲ, ಯಾಕೆ ಹೊಡೆದಾಡ್ತಾರೆ, ಯಾಕೆ ಮಂಕಾಗಿ ಕೂರ್ತಾರೆ ಅಂತ ನೋಡೋ ಕೆಲಸ.”

“ನಮ್ಮ ಕಾಲದಲ್ಲಿ ಅದಕ್ಕೆ ಬೆತ್ತ ಇತ್ತು.”

“ಅದಕ್ಕೇ ನೀವು ಹೀಗಾಗಿರೋದು” ಅಂದೆ. ಅವರೇ ಮೊದಲು ನಕ್ಕರು.

ನಮ್ಮ ಹೊಲಿಗೆ ಅಂಗಡಿಯಲ್ಲಿ ಮಾತು ಬೇರೆ ಥರ. ಗಂಡ ಹೋಗಿ ವರ್ಷ ತುಂಬುವಷ್ಟರಲ್ಲಿ ಅತ್ತೆಯನ್ನು ಬಿಟ್ಟು ಹೊರಟಳು ಎಂದು ಕಾಜಾ ಹಾಕುವವಳು ಗುಂಡಿಗೆ ಹೇಳಿದಂತೆ ನನಗೆ ಹೇಳಿದಳು. ನಾನೇ ಕಳಿಸಿದ್ದು ಎಂದೆ. ಅದು ಪೂರ್ತಿ ನಿಜವಲ್ಲ. ನೀನು ಅರ್ಜಿ ಹಾಕಿ ಆಮೇಲೆ ಹೇಳಿದೆ. ಆದರೆ ಹೇಳಿದ ದಿನ ನನಗೆ ಆದದ್ದು ಬೇಸರವಲ್ಲ. ಇಂಥ ಹೊತ್ತಿನಲ್ಲಿ ಒಬ್ಬಳು ಎದ್ದು ನಿಲ್ಲಬಲ್ಲಳಲ್ಲ ಅನ್ನಿಸಿತು. ನನಗಂತೂ ಆಗ ಹಾಸಿಗೆ ಮಡಿಸುವುದೇ ದೊಡ್ಡ ಕೆಲಸವಾಗಿತ್ತು.

ಕಪಾಟಿನ ಬಲಭಾಗ, ಅವನ ಬಟ್ಟೆಗಳದ್ದು, ನೀನು ಮುಚ್ಚಿ ಹೋದ ಹಾಗೇ ಇದೆ. ನಾನೂ ಕೈ ಹಾಕುವುದಿಲ್ಲ.

ನಿನ್ನ ಅತ್ತೆ

•

ಸೆಪ್ಟೆಂಬರ್ 30

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ಪಾಠದ ನಡುವೆ ಓದುತ್ತಿದ್ದೆ. ಬೆತ್ತದ ಮಾತಿಗೆ ನಕ್ಕುಬಿಟ್ಟೆ. ಆಗ ನಡೆಯುತ್ತಿದ್ದದ್ದು ಮಕ್ಕಳ ಖಿನ್ನತೆಯ ಪಾಠ. ಎಲ್ಲರೂ ನನ್ನನ್ನೇ ನೋಡಿದರು.

ನನ್ನ ಕೋಣೆ ಮೂರನೇ ಮಹಡಿಯಲ್ಲಿದೆ. ಕಿಟಕಿಯಿಂದ ಬಸ್ ಡಿಪೋ ಕಾಣುತ್ತದೆ. ಬೆಳಿಗ್ಗೆ ಅಲ್ಲಿ ಬಸ್ಸುಗಳಿಗೆ ಸ್ನಾನ. ನಮಗೆಲ್ಲ ಒಂದೊಂದು ಪರೀಕ್ಷೆಯ ಪೆಟ್ಟಿಗೆ ಕೊಟ್ಟಿದ್ದಾರೆ. ಚಕ್ರವಿದೆ, ಎಳೆದರೆ ಬಾತುಕೋಳಿಯಂತೆ ಕಿರುಚುತ್ತದೆ. ಒಳಗೆ ಬಣ್ಣದ ಚೌಕಗಳು, ಚಿತ್ರದ ಕಾರ್ಡುಗಳು, ಒಂದು ಸ್ಟಾಪ್‌ವಾಚು. ಒಂದು ಮಗು ಹೇಗೆ ಯೋಚಿಸುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ಅದರಿಂದ ತಿಳಿಯಬೇಕು. ಒಳಗಿನ ಪ್ರಶ್ನೆಗಳನ್ನು ಹೊರಗಿನವರಿಗೆ ಹೇಳುವಂತಿಲ್ಲ. ನಿಮಗೂ.

ಪ್ರಶ್ನೆ ಕೇಳುವುದು ಸುಲಭ ಅಂದುಕೊಂಡಿದ್ದೆ. ಕಷ್ಟ ಇರುವುದು ಮುಖದಲ್ಲಿ. ಮಗು ಉತ್ತರ ಹೇಳಿದಾಗ ಸರಿ ಎನ್ನಬಾರದು, ತಪ್ಪು ಎನ್ನಬಾರದು, ತಲೆ ಆಡಿಸಬಾರದು. ಹುಬ್ಬು ಕೂಡ ಏಳಬಾರದು. ನಾನು ಆರು ವರ್ಷ ಎರಡನೇ ತರಗತಿಗೆ ಟೀಚರಾಗಿದ್ದವಳು. ನನ್ನ ತಲೆ ನನ್ನ ಮಾತು ಕೇಳುವುದಿಲ್ಲ. ಮೊದಲ ಪರೀಕ್ಷೆಯ ವಿಡಿಯೊದಲ್ಲಿ ನಾನು ‘ಶಭಾಷ್’ ಅಂದಿದ್ದೇನೆ. ಬೆನ್ನು ತಟ್ಟಲು ಕೈಯನ್ನೂ ಚಾಚಿದ್ದೇನೆ.

ನಮ್ಮ ಮಾರ್ಗದರ್ಶಕಿಗೆ ಹುಡುಗಿಯರು ಗಡಿಯಾರದ ಮೇಡಂ ಎಂದು ಹೆಸರಿಟ್ಟಿದ್ದಾರೆ. ಸ್ಟಾಪ್‌ವಾಚನ್ನು ಕೊರಳಲ್ಲೇ ಹಾಕಿಕೊಂಡಿರುತ್ತಾರೆ. ನನ್ನನ್ನು ಕೂರಿಸಿಕೊಂಡು ವಿಡಿಯೊ ತೋರಿಸಿದರು.

“ನೋಡು, ಈ ಮಗು ಉತ್ತರ ಹುಡುಕ್ತಿರೋದು ಕಾರ್ಡಲ್ಲಿ ಅಲ್ಲ. ನಿನ್ನ ಮುಖದಲ್ಲಿ.”

“ಟೀಚರ್ ಆಗಿದ್ದೆ ಮೇಡಂ. ಅಭ್ಯಾಸ.”

“ಇಲ್ಲಿ ನೀನು ಕಲಿಸೋಕೆ ಕೂತಿಲ್ಲ, ತಿಳ್ಕೊಳ್ಳೋಕೆ ಕೂತಿದೀಯ. ಮುಖಕ್ಕೆ ಸ್ವಲ್ಪ ಬಾಗಿಲು ಹಾಕು.”

ನಾನು ಫೇಲು. ಇನ್ನೊಂದೇ ಅವಕಾಶ. ಶಾಲೆಯ ಕೆಲಸಕ್ಕೆ ಹಾಕಿದ ಮೇಲೆ ಅವರ ಕಣ್ಣೆದುರೇ ಒಂದು ಪೂರ್ತಿ ಪರೀಕ್ಷೆ ಮಾಡಿ ತೋರಿಸಬೇಕು. ಅದೂ ಬಿದ್ದರೆ ತರಬೇತಿಯಿಂದ ಹೊರಗೆ.

ರಜೆಗೆ ಬರುತ್ತೇನೆ. ದೊಡ್ಡವರಿಗೆ ಮಾಡುವ ಪರೀಕ್ಷೆಯ ಪೆಟ್ಟಿಗೆಯೂ ಇದೆ. ನಿಮ್ಮ ಮೇಲೆ, ಕಾಂಪೌಂಡರ್ ಮೇಲೆ ಮುಖದ ಅಭ್ಯಾಸ ಮಾಡುತ್ತೇನೆ. ಅವರಿಗೆ ಬೆತ್ತ ತರಬೇಡಿ ಎಂದು ಹೇಳಿ.

ನಿಮ್ಮ ಸೊಸೆ

•

ನವೆಂಬರ್ 12

ಮಗಳೇ,

ನೀನು ರಜೆ ಮುಗಿಸಿ ಹೋಗಿ ವಾರವಾದರೂ ಕಾಂಪೌಂಡರ್ ಬಿಟ್ಟಿಲ್ಲ. ದಿನಾ ಬಾಗಿಲು ತಟ್ಟುತ್ತಾರೆ.

“ನನಗೆಷ್ಟು ಬಂತಂತೆ?”

“ಹೇಳೋ ಹಾಗಿಲ್ಲ ಅಂತ ಅವಳೇ ಹೇಳಿದ್ಲಲ್ಲ.”

“ನಿಮಗಿಂತ ಜಾಸ್ತಿ ತಾನೇ? ಅಷ್ಟು ಹೇಳಿದ್ರೆ ಸಾಕು, ನೆಮ್ಮದಿಯಾಗಿ ಸಾಯ್ತೀನಿ.”

“ಹಾಗಾದ್ರೆ ಹೇಳೋದೇ ಇಲ್ಲ ಬಿಡಿ, ಬದುಕಿರಿ” ಅಂದೆ.

ನಾನು ನಿನ್ನೆದುರು ಕೂತಾಗಿನದ್ದನ್ನು ಬರೆಯಬೇಕು. ನೀನು ಅಡುಗೆಮನೆಯ ಮೇಜಿನಿಂದ ಎಣ್ಣೆಯ ಬಾಟಲಿ, ಉಪ್ಪಿನ ಡಬ್ಬಿ ಎಲ್ಲ ತೆಗೆಸಿದೆ. ನನ್ನ ಕುರ್ಚಿ ಕಿಟಕಿಗೆ ಬೆನ್ನು ಮಾಡುವಂತೆ ತಿರುಗಿಸಿದೆ, ಗಮನ ಹೊರಗೆ ಹೋಗಬಾರದು ಅಂತ. ಪೆನ್ಸಿಲನ್ನು ಎರಡೂ ಕಡೆ ಚೂಪು ಮಾಡಿಟ್ಟಿದ್ದೆ. ನನಗೆ ಒಂದು ಉತ್ತರವೂ ಸರಿಯಾಗಿ ಗೊತ್ತಿರಲಿಲ್ಲ ಅನ್ನಿಸುತ್ತದೆ. ಆದರೆ ನೀನು ಕಾದೆ. ನನ್ನ ಜೀವಮಾನದಲ್ಲಿ ನಾನು ಮಾತು ಹುಡುಕುವವರೆಗೆ ಅಷ್ಟು ಸುಮ್ಮನೆ ಯಾರೂ ಕಾದಿರಲಿಲ್ಲ. ಅಂಗಡಿಯಲ್ಲಿ ಬಾಯಿ ತೆರೆಯುವಷ್ಟರಲ್ಲಿ ನನ್ನ ಮಾತನ್ನು ಬೇರೆಯವರು ಮುಗಿಸಿರುತ್ತಾರೆ. ದೊಡ್ಡ ವಿದ್ಯೆ ಕಲಿಯುತ್ತಿದ್ದೀಯ ಎಂದು ಆಗ ಗೊತ್ತಾಯಿತು.

ಒಂದು ಮಾತು. ಎಲ್ಲ ಮುಗಿದು ನೀನು ಪೆಟ್ಟಿಗೆ ಕಟ್ಟುವಾಗ ನಿನ್ನ ಮುಖ ನೋಡಿದೆ. ಇನ್ನೂ ಪರೀಕ್ಷೆಯ ಹೊತ್ತಿನ ಹಾಗೇ ಇತ್ತು. ಆ ಮುಖ ನನಗೆ ಹೊಸದಲ್ಲ ಅನ್ನಿಸಿತು. ಯಾಕೆ ಎಂದು ಇನ್ನೊಂದು ದಿನ ಬರೆಯುತ್ತೇನೆ.

ನಿನ್ನ ಅತ್ತೆ

•

ಜನವರಿ 18

ಅತ್ತೆಯವರಿಗೆ,

ತಡವಾಯಿತು. ಶಾಲೆಗೆ ಹಾಕಿದ್ದಾರೆ. ನನಗೆ ಕೊಟ್ಟ ಕೋಣೆಯಲ್ಲಿ ಮೊದಲು ಆಟದ ಸಾಮಾನು ಇಡುತ್ತಿದ್ದರಂತೆ. ಅರ್ಧ ಇನ್ನೂ ಇದೆ. ಒಂದು ಗೋಡೆಗೆ ಜಿಮ್ನಾಸ್ಟಿಕ್ಸ್ ಚಾಪೆಗಳು, ಒಂದು ಮೂಲೆಯಲ್ಲಿ ಗಾಳಿ ಹೋದ ಚೆಂಡುಗಳ ಬಲೆ. ಎರಡು ಪುಟ್ಟ ಕುರ್ಚಿ. ನಾನು ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತದೆ.

ಇಲ್ಲಿ ಎರಡನೇ ತರಗತಿಯಲ್ಲಿ ಒಂದು ಹುಡುಗಿ. ಹೆಸರು ಬರೆಯುವಂತಿಲ್ಲ, ಗುಬ್ಬಿ ಅನ್ನುತ್ತೇನೆ. ಶಾಲೆಗೆ ಸೇರಿ ಎರಡನೇ ವರ್ಷ. ಇವತ್ತಿನವರೆಗೆ ಶಾಲೆಯಲ್ಲಿ ಒಂದು ಮಾತು ಆಡಿಲ್ಲ. ಹಾಜರಿಗೂ ಇಲ್ಲ, ನೀರು ಬೇಕು ಅನ್ನುವುದಕ್ಕೂ ಇಲ್ಲ. ತರಗತಿಯ ಟೀಚರ್ ಕೆಟ್ಟವರಲ್ಲ, ಸೋತಿದ್ದಾರೆ. “ಗೋಡೆ ಜೊತೆ ಮಾತಾಡಿದ್ರೂ ಪ್ರತಿಧ್ವನಿ ಬರುತ್ತೆ” ಅಂದರು. ತಾಯಿಯನ್ನು ಕರೆಸಿದೆ. ಲಾಂಡ್ರಿಯಲ್ಲಿ ಕೆಲಸ, ಕೈ ಒದ್ದೆಯಾಗಿಯೇ ಬಂದಿದ್ದರು.

“ಮನೇಲಿ ಮಾತಾಡ್ತಾಳಾ?”

“ಅಯ್ಯೋ ಮಿಸ್, ಮನೇಲಿ ಸ್ವಲ್ಪ ಬಾಯಿ ಮುಚ್ಚೇ ಅಂತ ಬೈಯ್ತೀವಿ. ಅಜ್ಜಿಗೆ ಕಥೆ ಹೇಳೋದೇ ಇವಳು.”

ಹೆಡ್‌ಮಿಸ್‌ಗೆ ಇದೆಲ್ಲ ಬೇಡ. “ನನಗೆ ಒಂದು ನಂಬರ್ ಕೊಟ್ಬಿಡಿ. ಕಡಿಮೆ ಬಂದ್ರೆ ಬೇರೆ ಶಾಲೆಗೆ ಕಳಿಸೋ ಕಾಗದ ನಾನು ರೆಡಿ ಮಾಡ್ತೀನಿ” ಅಂದರು. ಬೇರೆ ಶಾಲೆ ಅಂದರೆ ಬುದ್ಧಿ ಬೆಳೆಯದ ಮಕ್ಕಳ ಶಾಲೆ. ಅಲ್ಲಿಗೆ ಹೋದವರು ಹಿಂದಕ್ಕೆ ಬಂದದ್ದು ಇಲ್ಲಿ ಯಾರಿಗೂ ನೆನಪಿಲ್ಲ.

ಮುಂದಿನ ತಿಂಗಳು ಗಡಿಯಾರದ ಮೇಡಂ ನನ್ನನ್ನು ನೋಡಲು ಬರುತ್ತಾರೆ. ನಾನು ಅವರೆದುರು ಪರೀಕ್ಷೆ ಮಾಡಬೇಕಾದ ಮಗು ಗುಬ್ಬಿಯೇ.

ನಿಮ್ಮ ಸೊಸೆ

•

ಫೆಬ್ರವರಿ 3

ಮಗಳೇ,

ಗುಬ್ಬಿಯ ಬಗ್ಗೆ ಓದಿ ಆ ದಿನ ಒಂದು ಪ್ಯಾಂಟಿನ ಕಾಲು ಚಿಕ್ಕದು ಮಾಡಿಬಿಟ್ಟೆ. ಮೇಷ್ಟ್ರು, ಅದೇ ನಮ್ಮ ಅಂಗಡಿಯ ಹಿರಿಯ ದರ್ಜಿ, ಅದನ್ನು ಎತ್ತಿ ಹಿಡಿದು “ಕುಂಟರಿಗೇನಾದ್ರೂ ಹೊಲಿದ್ಯಾ ತಾಯಿ?” ಅಂದರು. ಬಿಚ್ಚಿ ಸರಿ ಮಾಡಿದೆ.

ಇನ್ನೊಂದು ದಿನ ಬರೆಯುತ್ತೇನೆ ಅಂದಿದ್ದೆನಲ್ಲ. ಅವನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಕಾರಿಡಾರಿನ ಬೆಂಚಿನ ಮೇಲೆ ನೀನು ಅದೇ ಮುಖ ಇಟ್ಟುಕೊಂಡು ಕೂತಿದ್ದೆ. ಬರೀ ಜ್ವರ ಅಂದುಕೊಂಡು ಹೋಗಿದ್ದೆವು. ಡಾಕ್ಟರ್ ಹೊರಗೆ ಬಂದು ಹೇಳಿದಾಗಲೂ ನಿನ್ನ ಮುಖ ಅಲುಗಲಿಲ್ಲ. ನಾನು ಬಿದ್ದುಹೋಗುತ್ತೇನೆ ಎಂದು ಇರಬೇಕು. ನೀನು ಅಲುಗಲಿಲ್ಲವೆಂದು ನಾನೂ ಗಟ್ಟಿಯಾಗಿ ಕೂತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಇಬ್ಬರೂ ಹಾಗೇ ಇದ್ದೇವೆ.

ಇದು ದೂರಲ್ಲ. ಆ ದಿನಗಳಲ್ಲಿ ನನ್ನನ್ನು ಎತ್ತಿ ನಿಲ್ಲಿಸಿದವಳು ನೀನು. ಗಡಿಯಾರದ ಮೇಡಂಗೆ ಗೊತ್ತಿಲ್ಲ, ನಿನ್ನ ಮುಖಕ್ಕೆ ಬಾಗಿಲು ಮೊದಲೇ ಇತ್ತು.

ಪರೀಕ್ಷೆ ಚೆನ್ನಾಗಿ ಮಾಡು. ನೀನು ಮಾಡುತ್ತೀಯ.

ನಿನ್ನ ಅತ್ತೆ

•

ಫೆಬ್ರವರಿ 25

ಅತ್ತೆಯವರಿಗೆ,

ನಿಮ್ಮ ಕಾಗದ ತಲುಪಿತು. ಅದಕ್ಕೆ ಉತ್ತರ ಈಗ ಬರೆಯಲಾರೆ. ಪರೀಕ್ಷೆಯ ವಿಷಯ ಬರೆಯುತ್ತೇನೆ.

ಮೇಡಂ ಚಾಪೆಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಗುಬ್ಬಿ ಬಂದಳು. ಸ್ವೆಟರಿನ ತೋಳು ಬೆರಳ ತುದಿಯವರೆಗೆ ಎಳೆದುಕೊಂಡಿದ್ದಳು. ಮೊದಲು ಚೌಕ ಜೋಡಿಸುವ ಭಾಗ. ಅಲ್ಲಿ ಮಾತು ಬೇಕಿಲ್ಲ. ಅವಳ ಕೈ ಓಡಿದ್ದು ನೋಡಿ ನನ್ನ ಹುಬ್ಬು ಏಳದಂತೆ ಹಲ್ಲು ಕಚ್ಚಿ ಹಿಡಿದೆ. ಆಮೇಲೆ ಬಾಯಿಮಾತಿನ ಭಾಗ. ಕೇಳಿದೆ, ಕಾದೆ. ಇಲ್ಲ. ಉತ್ತರ ಬರದಿದ್ದರೆ ಸೊನ್ನೆ ಬರೆಯಬೇಕು. ಬರೆದೆ. ಮತ್ತೆ ಕೇಳಿದೆ, ಕಾದೆ, ಬರೆದೆ. ಅವಳ ತುಟಿ ಅಲುಗುತ್ತಿತ್ತು, ಅತ್ತೆ. ಉತ್ತರ ಅಲ್ಲೇ ಇತ್ತು, ಹೊರಗೆ ಬರಲು ದಾರಿ ಇರಲಿಲ್ಲ. ಮೇಜಿನ ಕೆಳಗೆ ತೋಳಿನ ಎಳೆಯನ್ನು ಎಳೆದೂ ಎಳೆದೂ ಅಂಚು ಬಿಚ್ಚಿಕೊಂಡಿತ್ತು. ಕಣ್ಣು ಮಾತ್ರ ನನ್ನ ಮುಖದ ಮೇಲೆ. ನನ್ನ ಮುಖ ಪಾಠದಲ್ಲಿ ಹೇಳಿದ ಹಾಗೇ ಇತ್ತು, ಮುಚ್ಚಿದ ಬಾಗಿಲಿನಂತೆ.

ನಾನು ಪೆನ್ಸಿಲ್ ಕೆಳಗಿಟ್ಟೆ. ಪೆಟ್ಟಿಗೆ ಮುಚ್ಚಿದೆ. “ಇವತ್ತಿಗೆ ಸಾಕು. ಕಷ್ಟದ ಕೆಲಸಕ್ಕೆ ನೀನು ಇಷ್ಟು ಹೊತ್ತು ಕೂತಿದ್ದೆ” ಅಂದೆ. ಹಿಂದೆ ಮೇಡಂ ಸ್ಟಾಪ್‌ವಾಚ್ ನಿಲ್ಲಿಸಿದ ಸದ್ದು ಕೇಳಿಸಿತು.

ಗುಬ್ಬಿ ಹೋದ ಮೇಲೆ ಕಾರಿಡಾರಿನಲ್ಲಿ ಕೇಳಿದರು.

“ಅರ್ಧಕ್ಕೆ ನಿಲ್ಲಿಸೋದು ಅಂದ್ರೆ ಏನು ಅಂತ ಗೊತ್ತಾ?”

“ಗೊತ್ತು ಮೇಡಂ.”

“ಮುಗಿಸಿದ್ರೆ ಪಾಸಾಗ್ತಿದ್ದೆ. ಮುಖ ಸರಿಯಿತ್ತು, ಸಮಯ ಸರಿಯಿತ್ತು.”

“ಆ ಸೊನ್ನೆಗಳು ಅವಳ ಬುದ್ಧಿಯದ್ದಲ್ಲ, ಹೆದರಿಕೆಯದ್ದು. ಕೂಡಿದ್ರೆ ಒಂದು ನಂಬರ್ ಬರುತ್ತೆ. ಅದು ನೇರ ಹೆಡ್‌ಮಿಸ್ ಕೈಗೆ ಹೋಗುತ್ತೆ.”

“ಮುಗಿಸಿ ಕೆಳಗೆ ಒಂದು ಟಿಪ್ಪಣಿ ಹಾಕಬಹುದಿತ್ತಲ್ಲ.”

“ನಂಬರ್ ಇದ್ರೆ ಟಿಪ್ಪಣಿ ಯಾರು ಓದ್ತಾರೆ ಮೇಡಂ?”

ಅವರು ಗಡಿಯಾರದ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ “ವರದಿ ಬರಿ. ಸಮಿತಿ ಮುಂದೆ ಇಡ್ತೀನಿ. ನನ್ನಿಂದ ಏನೂ ನಿರೀಕ್ಷೆ ಇಟ್ಕೋಬೇಡ” ಅಂದರು.

ವರದಿ ಬರೆದೆ. ನಂಬರಿನ ಜಾಗ ಖಾಲಿ. ಗುಬ್ಬಿ ಈ ತರಗತಿಯಲ್ಲೇ ಇರಲಿ, ವಾರಕ್ಕೆರಡು ಸಲ ನಾನು ಅವಳ ಜೊತೆ ಕೂರುತ್ತೇನೆ ಎಂದು ಬರೆದೆ. ಇಂಥ ಮಕ್ಕಳನ್ನು ಏನೂ ಕೇಳಬಾರದಂತೆ. ಕೇಳಿದಷ್ಟೂ ಗಂಟಲು ಬಿಗಿಯುತ್ತದೆ. ಪಕ್ಕದಲ್ಲಿ ಕೂತು, ನಾವು ಮಾಡುತ್ತಿರುವುದನ್ನು ನಾವೇ ಹೇಳುತ್ತಾ ಹೋಗಬೇಕು. ಈಗ ನಾನು ಮರದ ತುಂಡು ತೆಗೆದೆ. ಈಗ ಗೋಡೆ ಕಟ್ಟುತ್ತಿದ್ದೇನೆ. ಈ ತುಂಡು ಎಲ್ಲಿಡಬೇಕೋ ನನಗೆ ಗೊತ್ತಾಗುತ್ತಿಲ್ಲ. ಹೀಗೆ. ಉತ್ತರ ಬರದಿದ್ದರೂ ಬೇಸರವಿಲ್ಲ ಎನ್ನುವುದು ಮಗುವಿಗೆ ನಿಜವಾಗಿ ಗೊತ್ತಾಗಬೇಕು.

ಸಮಿತಿ ಮಾರ್ಚ್ ಕೊನೆಗೆ ಸೇರುತ್ತದೆ. ನಾನು ಮನೆಗೇ ಬಂದುಬಿಡಬೇಕಾಗಬಹುದು. ಅಂಗಡಿಯವರಿಗೆ ಈಗಲೇ ಹೇಳಬೇಡಿ.

ನಿಮ್ಮ ಸೊಸೆ

•

ಮಾರ್ಚ್ 15

ಮಗಳೇ,

ಅಂಗಡಿಯವರಿಗೆ ಹೇಳಿಲ್ಲ. ಕಾಂಪೌಂಡರಿಗೆ ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತುಕೊಂಡು, “ನಾನು ಸ್ಕೂಲಲ್ಲಿ ಎರಡು ವರ್ಷ ಬಾಯಿ ಬಿಟ್ಟಿರಲಿಲ್ಲ ಅಕ್ಕಾ. ಆಮೇಲೆ ಬಿಟ್ಟೆ, ಇನ್ನೂ ಮುಚ್ಚಿಲ್ಲ” ಅಂದರು. ನಿಜವೋ ತಮಾಷೆಯೋ ತಿಳಿಯಲಿಲ್ಲ. ನಗಲಿಲ್ಲ ಅವರು.

ಈ ಕಾಗದದಲ್ಲಿ ನಾನು ನಿನ್ನನ್ನು ಏನೂ ಕೇಳುವುದಿಲ್ಲ. ಪಕ್ಕದಲ್ಲಿ ಕೂತಿದ್ದೇನೆ ಅಂದುಕೋ.

ಇವತ್ತು ರಜೆ. ಮಧ್ಯಾಹ್ನದ ಬಿಸಿಲು ಅಡುಗೆಮನೆಯ ಮೇಜಿನ ಅರ್ಧಕ್ಕೆ ಬಂದಿದೆ. ನಾನು ಕಪಾಟಿನ ಬಲಭಾಗ ತೆರೆದೆ. ಬೀಗವೇನೂ ಇರಲಿಲ್ಲ, ಸುಮ್ಮನೆ ಎಳೆದರೆ ಬಂತು. ಮೇಲೇ ಅವನ ಕೆಲಸದ ಕೋಟು ಇತ್ತು. ತಂದು ಮೇಜಿನ ಮೇಲೆ ಹರಡಿದೆ. ಲಿಫ್ಟ್ ರಿಪೇರಿಯಲ್ಲಿ ಹತ್ತಿದ ಗ್ರೀಸಿನ ಕಲೆ ಎಡ ಮೊಣಕೈ ಹತ್ತಿರ. ಮುಟ್ಟಿದೆ, ಒಣಗಿದೆ. ಇಂಥ ಕಲೆ ತೆಗೆಯುವುದು ನನಗೆ ಗೊತ್ತು. ತೆಗೆಯಲಿಲ್ಲ.

ಎರಡನೇ ಗುಂಡಿ ಸಡಿಲವಾಗಿತ್ತು. ಅದನ್ನು ಬಿಚ್ಚಿ ಗಟ್ಟಿಯಾಗಿ ಹೊಲಿದೆ. ಯಾರು ಹಾಕಿಕೊಳ್ಳುತ್ತಾರೆ ಎಂದು ಹೊಲಿಯಲಿಲ್ಲ, ಸಡಿಲವಾಗಿತ್ತು ಎಂದು ಹೊಲಿದೆ. ಅವನು ಚಿಕ್ಕವನಿದ್ದಾಗ ಅಂಗಿಯ ಗುಂಡಿ ಕಚ್ಚುವ ಚಟ. ಊಟಕ್ಕಿಂತ ಹೆಚ್ಚು ಗುಂಡಿ ತಿಂದಿದ್ದಾನೆ ಎಂದು ಅವರಪ್ಪ ಹೇಳುತ್ತಿದ್ದರು. ಆಮೇಲೆ ನಾನು ಅತ್ತುಬಿಟ್ಟೆ. ಜೋರಾಗಿಯೇ. ಮೇಲಿನ ಮನೆಯಲ್ಲಿ ರೇಡಿಯೊ ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಹಾಕಿದರು. ಮುಖ ತೊಳೆದು ಬಂದು ಈ ಕಾಗದ ಬರೆಯುತ್ತಿದ್ದೇನೆ. ಕೋಟು ಮೇಜಿನ ಮೇಲೇ ಇದೆ. ಬಿಸಿಲು ಈಗ ಅದರ ಕಾಲರಿಗೆ ಬಂತು.

ನೀನು ಪಾಸಾದರೂ, ಮನೆಗೆ ಬಂದರೂ, ಆ ಪೆಟ್ಟಿಗೆ ಮುಚ್ಚಿದ ಕೈ ನಿನ್ನದು. ಇದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

ನಿನ್ನ ಅತ್ತೆ

•

ಏಪ್ರಿಲ್ 6

ಅತ್ತೆಯವರಿಗೆ,

ಸಮಿತಿ ಸೇರಿತು. ಪರೀಕ್ಷೆ ಪೂರ್ತಿಯಾಗದ ಕಾರಣ ಪಾಸು ಕೊಡಲಾಗದು ಎಂದರು. ನಿಲ್ಲಿಸಿದ್ದಕ್ಕೆ ಕಾರಣ ಸರಿಯಿದ್ದುದರಿಂದ ಫೇಲು ಎಂದೂ ಹಾಕಲಾಗದು ಎಂದರು. ತರಬೇತಿಯಲ್ಲಿ ಒಂದು ಅವಧಿ ಹೆಚ್ಚು ಇದ್ದು ಬೇರೆ ಮಗುವಿನೊಡನೆ ಇನ್ನೊಮ್ಮೆ ಮಾಡಿ ತೋರಿಸಬೇಕು. ಜೊತೆಯವರು ಮುಂದೆ ಹೋಗುತ್ತಾರೆ, ನಾನು ಹಿಂದೆ ಉಳಿಯುತ್ತೇನೆ. ಆದರೆ ಉಳಿಯುತ್ತೇನೆ.

ಮೇಡಂ ಹೊರಗೆ ಬಂದು “ನಿನ್ನ ವರದಿಯನ್ನ ಮುಂದಿನ ವರ್ಷದವರಿಗೆ ಪಾಠ ಮಾಡ್ತೀನಿ. ಮಗುವಿನ ಗುರುತು ತೆಗೆದು” ಅಂದರು. ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ “ಆದ್ರೆ ಮುಂದಿನ ಸಲ ಮುಗಿಸು” ಅಂದರು.

ಗುಬ್ಬಿ ಎಲ್ಲೂ ಹೋಗುತ್ತಿಲ್ಲ. ಹೆಡ್‌ಮಿಸ್ ಖಾಲಿ ಜಾಗ ನೋಡಿ “ಇಲ್ಲಿ ಏನು ಓದಲಿ?” ಅಂದರು. ಬೇರೇನೂ ಇಲ್ಲದ್ದರಿಂದ ವರದಿಯನ್ನೇ ಪೂರ್ತಿ ಓದಬೇಕಾಯಿತು.

ವಾರಕ್ಕೆರಡು ಸಲ ನಾವಿಬ್ಬರೂ ಚಾಪೆಯ ಮೇಲೆ ಕೂರುತ್ತೇವೆ. ನಾನು ಅಂಗಡಿಯಿಂದ ತಂದ ಮರದ ತುಂಡುಗಳಲ್ಲಿ ಮನೆ ಕಟ್ಟುತ್ತಾ ಒಬ್ಬಳೇ ಒದರುತ್ತಿರುತ್ತೇನೆ. ಮೊನ್ನೆ ನಾನು ಬಾಗಿಲಿನ ಮೇಲೆ ದೊಡ್ಡ ತುಂಡು ಇಟ್ಟೆ, ಮನೆ ಬಿತ್ತು. ಮತ್ತೆ ಕಟ್ಟಿದೆ, ಮತ್ತೆ ಇಟ್ಟೆ, ಬಿತ್ತು. ಆಗ ಪಕ್ಕದಿಂದ, ಶೀತವಾದವರ ಧ್ವನಿಯಲ್ಲಿ:

“ತಪ್ಪು. ದೊಡ್ಡದು ಕೆಳಗಿಡ್ಬೇಕು ಮಿಸ್.”

ಅವಳು ಶಾಲೆಯಲ್ಲಿ ಆಡಿದ ಮೊದಲ ಮಾತು ನನಗೆ ತಪ್ಪು ಎಂದದ್ದು. ನಾನು ಶಭಾಷ್ ಅನ್ನಲಿಲ್ಲ. ತಿರುಗಿ ನೋಡಲೂ ಇಲ್ಲ. “ಓ, ದೊಡ್ಡದು ಕೆಳಗೆ” ಎಂದು ಇಟ್ಟೆ. ಮನೆ ನಿಂತಿತು. ಅವಳು ತರಗತಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಗಾಳಿ ಹೋದ ಚೆಂಡುಗಳ ಎದುರು ಕೂತು ಅತ್ತುಬಿಟ್ಟೆ. ಗುಬ್ಬಿಗಾಗಿ ಎಂದು ಶುರುವಾಯಿತು. ಆಮೇಲೆ ಅವಳಿಗಾಗಿ ಅಲ್ಲ.

ನಿಮ್ಮ ಮಾರ್ಚಿನ ಕಾಗದವನ್ನು ಇಷ್ಟು ದಿನ ಇಟ್ಟುಕೊಂಡಿದ್ದೆ. ಈಗ ಹೇಳುತ್ತೇನೆ. ಆ ಕೋಟಿನ ಒಳಗಿನ ಜೇಬು ನೋಡಿ. ಹರಿದಿದೆ. ಸ್ಪ್ಯಾನರ್ ಅಲ್ಲಿಡಬೇಡಿ ಎಂದರೆ ಅವರು ಕೇಳುತ್ತಿರಲಿಲ್ಲ. “ಅಮ್ಮನ ಹತ್ರ ಕೊಡು, ಒಂದು ನಿಮಿಷದ ಕೆಲಸ” ಅಂದರು. ನಾನು ಜಂಬದಿಂದ, ನಿಮಗೆ ಕೊಡದೆ ನಾನೇ ಹೊಲಿಯುತ್ತೇನೆ ಎಂದೆ. “ಹಾಗಾದ್ರೆ ಜೇಬು ಇನ್ನೂ ದೊಡ್ಡದಾಗುತ್ತೆ ಬಿಡು” ಎಂದು ನಗುತ್ತಾ ಮೆಟ್ಟಿಲಿಳಿದು ಹೋದರು. ಆ ವಾರವೇ ಜ್ವರ ಬಂತು.

ನೀವು ಹೊಲಿಯಬೇಡಿ. ಅವಧಿ ಶುರುವಾಗುವ ಮೊದಲು ಒಂದು ವಾರ ಬರುತ್ತೇನೆ. ನಾನೇ ಹೊಲಿಯುತ್ತೇನೆ, ಸೊಟ್ಟಗಾದರೂ. ನೀವು ಪಕ್ಕದಲ್ಲಿ ಕೂತಿರಿ.

ನಿಮ್ಮ ಸೊಸೆ

•

ಏಪ್ರಿಲ್ 14

ಮಗಳೇ,

ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ, ಒಂದು ಅವಧಿ ಹೆಚ್ಚು ಓದುತ್ತಾಳೆ ಅಂತ. “ಯಾಕೆ, ಫೇಲಾದ್ಲಾ?” ಎಂದಳು ಕಾಜಾ ಹಾಕುವವಳು. ಗುಬ್ಬಿಯ ಕಥೆ ಹೇಳಿದೆ. ನನ್ನ ಮಾತನ್ನು ಯಾರೂ ಮಧ್ಯದಲ್ಲಿ ಮುಗಿಸಲಿಲ್ಲ. ಮೇಷ್ಟ್ರು ಮಿಷನ್ ನಿಲ್ಲಿಸಿ ಕೇಳಿದರು. ಕೊನೆಗೆ ಆಕೆ ಕಾಜಾ ಬಿಟ್ಟು, ತನ್ನ ಅಕ್ಕನ ಮಗನನ್ನು ನಿನಗೆ ತೋರಿಸಬಹುದೇ ಎಂದು ಕೇಳಿದಳು.

ಒಳಗಿನ ಜೇಬು ನೋಡಿದೆ. ನನ್ನ ಕೈ ಪೂರ್ತಿ ಆಚೆಗೆ ಹೋಯಿತು. ಹೊಲಿಯಲಿಲ್ಲ. ಕೋಟನ್ನು ಮತ್ತೆ ಕಪಾಟಿಗೂ ಹಾಕಲಿಲ್ಲ, ನಿನ್ನ ಕುರ್ಚಿಯ ಬೆನ್ನಿಗೆ ಹಾಕಿದ್ದೇನೆ. ಸೂಜಿಗೆ ದಾರ ಪೋಣಿಸಿ ಕಾಲರಿಗೆ ಚುಚ್ಚಿಟ್ಟಿದ್ದೇನೆ.

ನಿನ್ನ ಅತ್ತೆ